ಚೆಂಡು ನಮ್ಮ ಅಂಗಳಕ್ಕೆ ಬಿದ್ದಾಗ

ರಾತ್ರಿ ಒಂದೂವರೆ ಗಂಟೆಗೆ ಮಗನ ಕೋಣೆಯಲ್ಲಿ ಬೆಳಕು ಕಂಡರೆ ತಾಯಿಯಾದವಳ ಎದೆ ಧಸಕ್ಕೆನ್ನದೆ ಇರುತ್ತದೆಯೇ, ನೀವೇ ಹೇಳಿ! ಓದುತ್ತಿದ್ದಾನೆ ಅಂದುಕೊಳ್ಳೋಣವೆಂದರೆ ನನ್ನ ಮಗನನ್ನು ನಾನು ಚೆನ್ನಾಗಿ ಬಲ್ಲೆ. ಸೆರಗು ಸರಿಮಾಡಿಕೊಂಡು, ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಇಣುಕಿದರೆ, ಕಾಲೇಜಿಗೆ ಹೋಗುವ ಮಗರಾಯ ದಿಂಬು ಅವುಚಿಕೊಂಡು ಮೊಬೈಲಿಗೆ ಕಣ್ಣು ನೆಟ್ಟು ಕೂತಿದ್ದಾನೆ.

"ಯವ್ವಾ, ಸಪ್ಪಳ ಮಾಡಬ್ಯಾಡ, ಮ್ಯಾಚ್ ನಡದೈತಿ."

"ಎಲ್ಲೀದಪಾ ಮ್ಯಾಚು, ಈ ಸರುವತ್ತಿನಾಗ?"

"ಸ್ಪೇನಿಂದು."

ಸ್ಪೇನಿನವರು ಚೆಂಡು ಒದ್ದರೆ ತೆಕ್ಕಲಕೋಟೆಯವನ ನಿದ್ದೆ ಯಾಕೆ ಕೆಡಬೇಕು? ಬೆಳಿಗ್ಗೆ ಎಬ್ಬಿಸಲು ಮೂರು ಸಲ ಕೂಗಬೇಕು, ಚಹಾ ಎರಡು ಸಲ ಬಿಸಿ ಮಾಡಬೇಕು. ಅದೂ ಕ್ರಿಕೆಟ್ ಆದರೆ ಒಂದು ಮಾತು. ಓಣಿಗೆಲ್ಲ ಅದೇ ಹುಚ್ಚು. ಇವನದು ಫುಟ್‌ಬಾಲ್! ಇಡೀ ಓಣಿಯಲ್ಲಿ ಈ ಹುಚ್ಚಿನವರು ಲೆಕ್ಕಕ್ಕೆ ಆರೇಳು ಹುಡುಗರು. ಅವರಿಗೆ ಒಂದೇ ಕನಸು, ನಮ್ಮ ದೇಶ ಒಂದು ದಿನ ವಿಶ್ವಕಪ್ ಆಡಬೇಕು. ನಾನು ನಕ್ಕುಬಿಟ್ಟಿದ್ದೆ. ಆ ನಗು ಹೇಗೆ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತು ಎಂಬುದನ್ನು ಹೇಳಲು ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಊರು ನೀವು ನೋಡಿರಲಿಕ್ಕಿಲ್ಲ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಬಂಡೆಗಲ್ಲಿನ ಗುಡ್ಡ ಕಾಣುತ್ತದಲ್ಲ, ಅದೇ ತೆಕ್ಕಲಕೋಟೆ. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಈ ಸೀಮೆಗೆ ಭತ್ತವೇ ಬದುಕು. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಮನೆಯ ಹಿಂದೊಂದು ಬಯಲಿದೆ. ಸುಗ್ಗಿಯಲ್ಲಿ ಅಲ್ಲಿ ಭತ್ತ ಒಣಗುತ್ತದೆ, ಉಳಿದ ದಿನ ಮಕ್ಕಳು ಆಡುತ್ತಾರೆ. ಭತ್ತ ಹರಡಿದರೆಂದರೆ ಹುಡುಗರು ಓಣಿಗೆ ಬರಬೇಕು. ಓಣಿಗೆ ಬಂದರೆ ಚೆಂಡು ನಮ್ಮ ಅಂಗಳಕ್ಕೆ ಬೀಳಬೇಕು!

2025ರ ಬೇಸಿಗೆಯಲ್ಲಿ ಹಾಗೇ ಆಯಿತು. ನಸುಕಿನಲ್ಲೆದ್ದು ಅಕ್ಕಿ ಹಿಟ್ಟು ಕುದಿಸಿ, ಹಳೇ ಪಂಚೆಯ ಮೇಲೆ ಸಾಲಾಗಿ ಸಂಡಿಗೆ ಇಟ್ಟಿದ್ದೆ. ಹತ್ತು ಗಂಟೆಗೆ ಧಡ್ ಎಂದು ಚೆಂಡು ಬಂತು. ಎರಡು ಸಾಲು ಸಂಡಿಗೆ ಪಂಚೆಗೆ ಮೆತ್ತಿಕೊಂಡಿತು. ನಾನು ಒಂದು ಮಾತೂ ಆಡದೆ ಚೆಂಡನ್ನು ಒಳಗೆ ಒಯ್ದು, ಅಟ್ಟದ ಮೇಲಿನ ತೂತು ಹಂಡೆಯಲ್ಲಿ ಹಾಕಿ ಮುಚ್ಚಿಟ್ಟೆ. ಗೇಟಿನ ಹತ್ತಿರ ಆರೇಳು ಹುಡುಗರು ತಲೆ ತಗ್ಗಿಸಿ ನಿಂತರು, ನನ್ನ ಮಗನೂ ಸೇರಿ. ಕೊಡಲಿಲ್ಲ. ನೀವಾಗಿದ್ದರೆ ಕೊಡುತ್ತಿದ್ದಿರಾ?

ಒಂದೂವರೆ ತಿಂಗಳು ಕಳೆಯಿತು. ಜೂನಿನಲ್ಲಿ ಒಂದು ದಿನ ಐದು ಗಂಟೆಗೇ ಎಚ್ಚರವಾಗಿ ಹಿತ್ತಲ ಬಾಗಿಲು ತೆಗೆದೆ. ಮಸುಕು ಬೆಳಕಿನಲ್ಲಿ ಮಗಳು, ಒಂಬತ್ತನೇ ಇಯತ್ತೆಯವಳು, ಬರಿಗಾಲಲ್ಲಿ ಚೆಂಡು ಒದೆಯುತ್ತಿದ್ದಳು. ಗೋಡೆಗೆ ಒದ್ದರೆ ಸಪ್ಪಳವಾಗುತ್ತದೆಂದು ಹುಲ್ಲಿನ ಬಣವೆಗೆ ಒದೆಯುತ್ತಿದ್ದಳು! ಬಲಗಾಲಲ್ಲಿ ಒಮ್ಮೆ, ಎಡಗಾಲಲ್ಲಿ ಒಮ್ಮೆ, ಚೆಂಡು ಮೆತ್ತಗೆ ತಿರುಗಿ ಬರುವುದು, ಮತ್ತೆ ಒದೆಯುವುದು. ಹಂಡೆಯಿಂದ ಯಾವಾಗ ತೆಗೆದಳೋ, ಎಷ್ಟು ದಿನದಿಂದ ನಡೆದಿತ್ತೋ!

ಹನ್ನೆರಡು ವರ್ಷದವರೆಗೆ ಅವಳು ಅಣ್ಣನ ಜೊತೆ ಓಣಿಯಲ್ಲಿ ಆಡಿದವಳೇ. ದೊಡ್ಡವಳಾದ ಮೇಲೆ ನಮ್ಮ ಅತ್ತೆಯವರು "ಇನ್ನ ಸಾಕವಾ, ಮಂದಿ ನೋಡ್ತಾರ" ಅಂದರು. ಮನೆಯವರು ತಲೆ ಆಡಿಸಿದರು. ಎಲ್ಲರಿಗಿಂತ ಮೊದಲು ಹೂಂ ಅಂದವಳು ನಾನೇ. ಅವಳು ಅಳಲೂ ಇಲ್ಲ, ಕೇಳಲೂ ಇಲ್ಲ. ಮರೆತಳು ಅಂದುಕೊಂಡಿದ್ದೆ. ಹೆಣ್ಣುಮಕ್ಕಳು ಮರೆತರೆಂದು ನಾವು ಎಷ್ಟು ಬೇಗ ನಂಬುತ್ತೇವೆ, ಅಲ್ಲವೇ? ಬಾಗಿಲನ್ನು ಹಾಗೇ ಮುಂದೆ ಮಾಡಿ, ಕಂಡೇ ಇಲ್ಲವೆಂಬಂತೆ ಬಂದು ಒಲೆ ಹಚ್ಚಿದೆ.

ಆಮೇಲೆ ಜುಲೈ 5, ಶನಿವಾರ. ಅಣ್ಣ ತಂಗಿ ಇಬ್ಬರೂ ಮೊಬೈಲಿನಲ್ಲಿ ಸ್ಕೋರ್ ನೋಡುತ್ತ ಕೂತಿದ್ದರು. ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ಪಂದ್ಯ. ಎದುರಾಳಿಗಳೇನು ಸಾಮಾನ್ಯರಲ್ಲ, 2015 ಮತ್ತು 2019ರ ವಿಶ್ವಕಪ್ ಆಡಿ ಬಂದ ಥಾಯ್ಲೆಂಡಿನವರು. ಬಂಗಾಳದ ಸಂಗೀತಾ ಬಾಸ್ಫೋರ್ ಮೊದಲರ್ಧದಲ್ಲೊಂದು, ಎರಡನೇ ಅರ್ಧದಲ್ಲೊಂದು ಗೋಲು ಹೊಡೆದಳು. ನಾವು 2–1ರಿಂದ ಗೆದ್ದೆವು. 2026ರ ಏಷ್ಯಾ ಕಪ್‌ಗೆ ಆಸ್ಟ್ರೇಲಿಯಾಕ್ಕೆ ಹೋಗುವ ಅರ್ಹತೆ ಸಿಕ್ಕಿತು. ಅರ್ಹತಾ ಪಂದ್ಯಗಳನ್ನು ಗೆದ್ದು ನಮ್ಮ ಹುಡುಗಿಯರು ಅಲ್ಲಿಗೆ ಏರಿದ್ದು ಅದೇ ಮೊದಲು. ಮಗ ಕುಣಿದಾಡಿದ. ಮಗಳು ಮಾತ್ರ ಅಡುಗೆಮನೆಗೆ ಬಂದು, ನಾನು ರೊಟ್ಟಿ ಬಡಿಯುವುದನ್ನು ನೋಡುತ್ತ ನಿಂತು ಕೇಳಿದಳು:

"ಅವ್ವಾ, ಆಕಿಗೆ ಆಕೀ ಅವ್ವ ಆಡಬ್ಯಾಡ ಅಂದಿದ್ದಿಲ್ಲೇನು?"

ಹಂಚಿನ ಮೇಲಿನ ರೊಟ್ಟಿ ಸೀಯಿತು. ಉತ್ತರ ಹೊಳೆಯಲಿಲ್ಲ.

ಅವತ್ತಿನಿಂದ ಮಗನನ್ನು ಕೂರಿಸಿಕೊಂಡು ಕೇಳತೊಡಗಿದೆ. ಅವನಿಗೋ, ಕೇಳುವವರು ಸಿಕ್ಕಿದ್ದೇ ಹಬ್ಬ. ನಾವು ಮೊದಲಿನಿಂದ ಹಿಂದುಳಿದವರೇನಲ್ಲವಂತೆ! 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ ಮತ್ತೆ ಚಿನ್ನ. ನಡುವೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದು ಆಸ್ಟ್ರೇಲಿಯಾವನ್ನೇ ಮಣಿಸಿ ನಾಲ್ಕನೆಯ ಸ್ಥಾನ. ಆ ದಿನಗಳ ಗುರು ಸೈಯದ್ ಅಬ್ದುಲ್ ರಹೀಂ, ಹೈದರಾಬಾದಿನ ಶಾಲಾ ಮೇಷ್ಟ್ರು. 1963ರಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ನಮ್ಮ ಮೈಸೂರು ರಾಜ್ಯದವರೂ ಕಡಿಮೆಯಿರಲಿಲ್ಲ. ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 1968–69ರ ಹೊತ್ತಿಗೆ ನಾಲ್ಕು ಸಲ ಗೆದ್ದಿದ್ದರು. ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕದ ಹುಡುಗರು ಕಪ್ಪು ತಂದರು. ನಮ್ಮ ಮನೆಯಲ್ಲಿ ಆವತ್ತು ಯಾಕೆ ಪೇಡೆ ಬಂದಿತ್ತು ಎಂಬುದು ನನಗೆ ಎರಡು ವರ್ಷದ ಮೇಲೆ ತಿಳಿಯಿತು!

ಅಭಿಮಾನಿಗಳ ಆಸೆ ಎಂಬುದು ನಮ್ಮ ಮಣ್ಣೊಲೆಯ ಕೆಂಡದ ಹಾಗೆ ನೋಡಿ. ಆರಿತು ಅನ್ನುವಷ್ಟರಲ್ಲಿ ಒಂದು ಊದು ಊದಿದರೆ ಕೆಂಪಗಾಗುತ್ತದೆ. 2018ರ ಜೂನ್‌ನಲ್ಲಿ ಮುಂಬಯಿಯಲ್ಲಿ ನಾಯಕ ಸುನಿಲ್ ಚೆಟ್ರಿ ಮೂರು ಗೋಲು ಹೊಡೆದ ಪಂದ್ಯಕ್ಕೆ ಬಂದವರು 2,569 ಜನ. ಮರುದಿನ ಆತ ಕೈಮುಗಿದು, ಬೈಯಲಿಕ್ಕಾದರೂ ಬನ್ನಿ, ಆದರೆ ಬನ್ನಿ ಎಂದು ಕೇಳಿಕೊಂಡ. ಮುಂದಿನ ಪಂದ್ಯಕ್ಕೆ ಟಿಕೆಟ್ ಪೂರ್ತಿ ಖಾಲಿ! 2023ರಲ್ಲಿ ನಮ್ಮ ದೇಶ ಜಗತ್ತಿನಲ್ಲಿ 99ನೆಯ ಸ್ಥಾನಕ್ಕೆ ಏರಿತ್ತು. 2025ರ ಕೊನೆಗೆ 140ರ ಆಚೆ ಜಾರಿತು. ಅದೇ ವರ್ಷ ಜುಲೈಯಲ್ಲಿ ದೇಶದ ದೊಡ್ಡ ಲೀಗ್ ಅನ್ನೇ ತಡೆಹಿಡಿದರು. ಆಟಗಾರರೇ ಮುಂದೇನು ಎಂದು ಕಂಗಾಲಾದರು. ಇಷ್ಟಾದರೂ ಈ ಹುಡುಗರು ಬಿಡುವುದಿಲ್ಲ.

"140 ಕೋಟಿ ಮಂದ್ಯಾಗ 11 ಮಂದಿ ಸಿಗಂಗಿಲ್ಲೇನು ಯವ್ವಾ?" ಅಂತಾನೆ ಮಗ.

ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಗೃಹಿಣಿಗೆ ಗೊತ್ತಿರುವ ಉತ್ತರ ಅದು. ಕಣಜದಲ್ಲಿ ಎಷ್ಟು ಚೀಲವಿದ್ದರೇನು, ಎಸರಿಗೆ ಹಾಕಿದ್ದಷ್ಟೇ ಅನ್ನವಾಗುತ್ತದೆ. ನಮ್ಮಲ್ಲಿ 140 ಕೋಟಿ ಕಣಜದಲ್ಲಿದೆ. ಆಡಲು ಬಿಟ್ಟಿದ್ದು ಎಷ್ಟು?

ಐಸ್‌ಲ್ಯಾಂಡ್ ಎಂಬ ದೇಶದ ಕಥೆಯನ್ನು ಅವನೇ ಹೇಳಿದ. 2018ರಲ್ಲಿ ಅಲ್ಲಿನ ಜನ ಸುಮಾರು ಮೂರೂವರೆ ಲಕ್ಷ. ನಮ್ಮ ಬಳ್ಳಾರಿ ಪಟ್ಟಣದಲ್ಲೇ 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ದಾಟಿತ್ತು! ವರ್ಷದ ಬಹುಪಾಲು ಚಳಿ, ಗಾಳಿ. ಅವರು ಮಾಡಿದ್ದೇನು? ಮಕ್ಕಳು ಚಳಿಗಾಲದಲ್ಲೂ ಆಡಲೆಂದು ಊರೂರಿಗೆ ಮಾಡು ಹೊದಿಸಿದ ಮೈದಾನ ಕಟ್ಟಿದರು. ಐದಾರು ವರ್ಷದ ಕೂಸುಗಳಿಗೂ ಕಲಿತ ಕೋಚ್‌ಗಳನ್ನೇ ಇಟ್ಟರು. 2018ರ ವಿಶ್ವಕಪ್‌ಗೆ ಹೋಗಿ, ಮೆಸ್ಸಿಯಿದ್ದ ಅರ್ಜೆಂಟೀನಾವನ್ನು 1–1ಕ್ಕೆ ತಡೆದರು. ಆಗ ಅವರ ಕೋಚ್ ಆಗಿದ್ದವರು ಹಲ್ಲಿನ ಡಾಕ್ಟರು! ಅಂದರೆ ಅದು ಯಾವುದೋ ಮಾಯೆಯಲ್ಲ, ನಮ್ಮ ಕಡೆ ಭತ್ತ ಬೆಳೆದ ಹಾಗೆ. ಸಸಿ ಮಡಿ ಸರಿಯಾಗಿ ಮಾಡದೆ ನಾಟಿ ಹಚ್ಚಿದರೆ ತೆನೆ ಎಲ್ಲಿಂದ ಬರಬೇಕು?

ಸಸಿ ಮಡಿ ಬಲು ದೂರದಲ್ಲೂ ಇಲ್ಲ. ಬೆಂಗಳೂರಿನ ಬಿಎಫ್‌ಸಿ ತಂಡ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷದಲ್ಲೇ ಐ-ಲೀಗ್ ಗೆದ್ದಿತು, 2019ರಲ್ಲಿ ಐಎಸ್‌ಎಲ್ ಕಪ್ಪನ್ನೂ ಎತ್ತಿತು. ಅದರ ಒಡೆತನ ನಮ್ಮ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯು ಸಂಸ್ಥೆಯದು. ಅಲ್ಲಿನ ವಿದ್ಯಾನಗರ, ವಿಜಯನಗರದ ಕಡೆ 2018ರಲ್ಲಿ ದೊಡ್ಡ ಕ್ರೀಡಾಶಾಲೆಯೇ ತಲೆಯೆತ್ತಿತು. ಬಿಎಫ್‌ಸಿಯ ಹುಡುಗರು ವಸತಿ ಅಕಾಡೆಮಿಯಲ್ಲಿ ತಾಲೀಮು ಮಾಡಿದ್ದೂ ಅಲ್ಲೇ. ನಾವು ಬಳ್ಳಾರಿಯಿಂದ ಹೊಸಪೇಟೆಗೆ ಮದುವೆಗೆ ಹೋಗುವಾಗ ಬಸ್ಸಿನಿಂದ ಆ ಚಿಮಣಿಗಳನ್ನು ನೋಡಿ ಕಿಟಕಿ ಮುಚ್ಚಿಕೊಂಡಿದ್ದೇವೆಯೇ ಹೊರತು ಇದು ಗೊತ್ತಿರಲಿಲ್ಲ. ಆದರೆ ಅಂಥಾ ಕಡೆಗೆ ಆರಿಸಿಕೊಳ್ಳಬೇಕಾದರೂ ಮೊದಲು ಮಗು ಓಣಿಯಲ್ಲಿ, ಶಾಲೆಯಲ್ಲಿ ಆಡಿರಬೇಕಲ್ಲ? ಆ ಮೊದಲ ಐದಾರು ವರ್ಷ ಯಾವ ಸಂಸ್ಥೆಯ ಕೈಯಲ್ಲೂ ಇಲ್ಲ ತಾಯಂದಿರೇ, ಅದು ನಮ್ಮ ಕೈಯಲ್ಲಿದೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ಹೆಚ್ಚು. 1979–80ರಲ್ಲಿ ಒಮ್ಮೆ, 1983ರಲ್ಲಿ ಇನ್ನೊಮ್ಮೆ ನಮ್ಮ ಹುಡುಗಿಯರು ಏಷ್ಯಾದಲ್ಲೇ ಎರಡನೆಯವರಾಗಿದ್ದರು. ನಾನಾಗ ಲಂಗ ಉಟ್ಟುಕೊಂಡು ಓಡಾಡುವ ಕೂಸು. ಯಾರೂ ಈ ಸುದ್ದಿ ಹೇಳಲಿಲ್ಲ. ಪಂಜಾಬಿನ ಮನೀಷಾ ಕಲ್ಯಾಣ್ 2021ರಲ್ಲಿ ಬ್ರೆಜಿಲ್ ದೇಶಕ್ಕೇ ಹೋಗಿ, ಅವರ ಮೇಲೇ ಒಂದು ಗೋಲು ಹೊಡೆದು ಬಂದಳು. ಪಂದ್ಯ 6–1ರಿಂದ ಸೋತೆವು ಅನ್ನಿ. ಆದರೆ ಆ ಒಂದು ಗೋಲನ್ನು ಮಗಳು ಎಷ್ಟು ಸಲ ನೋಡಿದ್ದಾಳೋ!

ಇಷ್ಟೆಲ್ಲ ಕೇಳಿ ಒಂದು ಸಂಜೆ ಧೈರ್ಯ ಮಾಡಿ ಮನೆಯಲ್ಲಿ ಮಾತು ತೆಗೆದೆ. ಮನೆಯವರು ಪೇಪರಿನಿಂದ ತಲೆ ಎತ್ತದೆ, "ಗಿರಣ್ಯಾಗ ನಾಕ್ ಮಂದಿ ಕೇಳಿದ್ರ ಏನ್ ಹೇಳಲಿ?" ಅಂದರು. ನನ್ನ ಧೈರ್ಯ ಅಲ್ಲಿಗೇ ಮುಗಿದಿತ್ತು. ಅಷ್ಟರಲ್ಲಿ ಅತ್ತೆಯವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದರು:

"ಕಾಲಿಲೆ ಒದ್ಯೋದಾ? ಕೈಯಿಲೆ ಮುಟ್ಟಂಗಿಲ್ಲಾ?"

"ಇಲ್ಲತ್ತೀ, ಕಾಲಿಲೇನ."

"ಮತ್ತ ನಾವು ಕುಂಟಾಬಿಲ್ಲಿ ಆಡಿದ್ದು ಯಾತರಿಲೆ? ಒಂಟಿ ಕಾಲ್ಮ್ಯಾಲೆ ನಿಂತು ಬಿಲ್ಲಿ ಒದ್ದು ಮನಿ ದಾಟಸ್ತಿದ್ವಿ. ಲಗ್ನ ಆಗೋ ತನಕ ಆಡೀನಿ ನಾನು."

ಹಾಗೆಂದು ಒಮ್ಮೆಲೇ ಒಪ್ಪಿದರು ಅಂತ ತಿಳಿಯಬೇಡಿ. ಕರಾರು ಹಾಕಿದರು. ಕತ್ತಲಾಗುವುದರೊಳಗೆ ಮನೆ ಸೇರಬೇಕು, ಮೈತುಂಬ ಬಟ್ಟೆ ಇರಬೇಕು, ಹಿರಿಯರೊಬ್ಬರು ಅಲ್ಲಿ ಕೂತಿರಬೇಕು. ಮನೆಯವರು ತಾಯಿಯ ಮಾತಿಗೆ ಎದುರಾಡಲಿಲ್ಲ. "ಹತ್ತನೇತ್ತ ಬರೋ ತನಕ ಅಷ್ಟ" ಅಂದು ಮತ್ತೆ ಪೇಪರು ಹಿಡಿದರು.

ಓಣಿಯಲ್ಲಿ ಒಬ್ಬೊಬ್ಬರನ್ನೇ ಕೇಳಿದೆ. ನಕ್ಕವರು ನಕ್ಕರು. "ನಿಮಗ್ಯಾಕ್ರೀ ಇಲ್ಲದ ಉಸಾಬರಿ" ಎಂದು ಬಾಗಿಲು ಹಾಕಿಕೊಂಡವರೂ ಉಂಟು. ಕಡೆಗೆ ಒಂಬತ್ತು ಹುಡುಗಿಯರಾದರು. ಸಂಜೆ ಐದರಿಂದ ಆರು, ವಾರಕ್ಕೆ ನಾಲ್ಕು ದಿನ. ಎರಡು ಬಿದಿರು ಗಳ ನೆಟ್ಟು ಗೋಲು ಮಾಡಿದೆವು. ಗಡಿ ತೋರಿಸಲು ನನ್ನ ಹಳೇ ಸೀರೆಯ ಚೂರು. ಮಗನೇ ಮೇಷ್ಟ್ರು. ಮಾಡುವ ತಾಯಂದಿರಿಗೆ ಅನುಕೂಲವಾಗಲೆಂದು ಹೇಳುತ್ತೇನೆ: ಚೆಂಡಿನಲ್ಲೂ ಅಳತೆಯಿದೆ. ಎಂಟರಿಂದ ಹನ್ನೆರಡು ವರ್ಷದವರಿಗೆ 4ನೇ ನಂಬರು, ಮೇಲ್ಪಟ್ಟವರಿಗೆ 5ನೇ ನಂಬರು. ಚಿಕ್ಕವರಿಗೆ ದೊಡ್ಡ ಚೆಂಡು ಕೊಟ್ಟರೆ ಕಾಲು ನೋವು ಮಾಡಿಕೊಳ್ಳುತ್ತಾರೆ. ಇಡೀ ಓಣಿಗೆ ಒಂದೇ ಚೆಂಡು ಸಾಕು. ಕ್ರಿಕೆಟ್ಟಿನ ಹಾಗೆ ಬ್ಯಾಟು, ಪ್ಯಾಡು, ಗ್ಲೌಸು ಎಂಬ ಖರ್ಚಿಲ್ಲ. ಆಟ ಮುಗಿದ ಮೇಲೆ ಒಂದೊಂದು ಶೇಂಗಾ ಉಂಡಿ ಕೊಡಿ. ಹುರಿದು ಸಿಪ್ಪೆ ತೆಗೆದ ಶೇಂಗಾ ಎರಡು ಪಾಲು, ಬೆಲ್ಲ ಒಂದು ಪಾಲು ಕುಟ್ಟಿ, ಏಲಕ್ಕಿ ಹಾಕಿ ಕಟ್ಟಿದರಾಯಿತು, ಪಾಕದ ಗೊಡವೆಯಿಲ್ಲ. ಮುಟ್ಟಿನ ದಿನ ಆಡಬಹುದೇ ಎಂದು ಎಲ್ಲರೂ ಕಿವಿಯಲ್ಲಿ ಕೇಳುತ್ತಾರೆ. ನೋವು, ಸುಸ್ತು ಇಲ್ಲದಿದ್ದರೆ ಆಡಲು ಅಡ್ಡಿಯಿಲ್ಲ. ಇದ್ದರೆ ಬಲವಂತ ಬೇಡ, ಹೆಚ್ಚಾದರೆ ಡಾಕ್ಟರಿಗೆ ತೋರಿಸಿ.

ಕಾವಲು ಕೂರಲು ಮೊದಲ ದಿನ ಹೋದವರು ಯಾರು ಅಂತೀರಿ? ನಮ್ಮ ಅತ್ತೆಯವರು! ಮೊರದಲ್ಲಿ ಅಕ್ಕಿ ತೆಗೆದುಕೊಂಡು ಹೋಗಿ ಕಲ್ಲು ಆರಿಸುತ್ತ ಕೂತರು. ಅರ್ಧ ಗಂಟೆಯಲ್ಲಿ ಮೊರ ಪಕ್ಕಕ್ಕಿಟ್ಟು, "ಆ ಕಡೆ ಕೊಡಬೇ, ಆ ಕಡೆ ಯಾರೂ ಇಲ್ಲ!" ಎಂದು ಕೂಗುತ್ತಿದ್ದರಂತೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ನಿಮಗೆ ಸುಳ್ಳು ಹೇಳಬಾರದು. ದೀಪಾವಳಿ ಹೊತ್ತಿಗೆ ಒಂಬತ್ತು ಹುಡುಗಿಯರು ಆರಾದರು. ಒಬ್ಬಳನ್ನು ಅವರ ದೊಡ್ಡಪ್ಪ ಬಿಡಿಸಿದರು, ಇಬ್ಬರಿಗೆ ಮನೆಗೆಲಸ. ಅಕ್ಟೋಬರ್ 14ಕ್ಕೆ ಗೋವಾದಲ್ಲಿ ಗಂಡಸರ ತಂಡ ಸಿಂಗಾಪುರದ ಎದುರು ಮೊದಲು ಗೋಲು ಹೊಡೆದೂ 2–1ರಿಂದ ಸೋತು, 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿಕೊಂಡಿತು. ಮಗ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ. "ಇನ್ನ ನೋಡಂಗಿಲ್ಲ ಯವ್ವಾ, ಸಾಕಾತು" ಅಂದ. ಮರುದಿನ ಸಂಜೆ ಐದಕ್ಕೆ ಚಪ್ಪಲಿ ಹಾಕಿಕೊಂಡು ಹೊರಟ. ಎಲ್ಲಿಗೆ ಅಂದರೆ, "ಅವು ಕಾಯ್ತಿರ್ತಾವ" ಅಂದ. ಅದಕ್ಕಿಂತ ದೊಡ್ಡ ಅಭಿಮಾನಿ ಯಾರಿದ್ದಾನೆ ನನಗೆ ತಿಳಿಯದು.

ಡಿಸೆಂಬರಿನಲ್ಲಿ ಸುಗ್ಗಿ ಬಂತು, ಟ್ರ್ಯಾಕ್ಟರು ಬಂತು, ಬಯಲ ತುಂಬ ಭತ್ತ. ಭತ್ತ ಒಣಗಿಸಬೇಡಿ ಎಂದು ಯಾವ ಬಾಯಿಂದ ಹೇಳುವುದು? ಅದೇ ನಮ್ಮ ಅನ್ನ. ನಾವು ನಾಲ್ಕು ಹೆಂಗಸರು ಹೋಗಿ, ಒಂದು ಅಂಚಿನಲ್ಲಿ ಇಪ್ಪತ್ತು ಹೆಜ್ಜೆ ಅಗಲ ಬಿಡಿ ಎಂದಷ್ಟೇ ಕೇಳಿಕೊಂಡೆವು. ಬಿಟ್ಟರು. ಆರು ಜನಕ್ಕೆ ಅಷ್ಟು ಸಾಕಾಯಿತು. ಇನ್ನು ಅಣೆಕಟ್ಟೆಯ ಗೇಟುಗಳನ್ನು ಬದಲಿಸಬೇಕಾದ್ದರಿಂದ ಎರಡನೆಯ ಬೆಳೆಗೆ ಕಾಲುವೆ ನೀರಿಲ್ಲವೆಂದು 2025ರ ನವೆಂಬರಿನಲ್ಲೇ ತೀರ್ಮಾನವಾಗಿತ್ತು. ಬೇಸಿಗೆಗೆ ಬಯಲು ಪೂರ್ತಿ ಖಾಲಿ ಎಂದು ಹುಡುಗಿಯರು ಚಪ್ಪಾಳೆ ತಟ್ಟಿದರು. ಗಿರಣಿಗೆ ಭತ್ತ ಬಾರದಿದ್ದರೆ ಸಂಬಳದ ಗತಿಯೇನೆಂದು ಮನೆಯವರು ರಾತ್ರಿ ಎದ್ದು ಕೂತರು. ಒಂದೇ ಬಯಲು, ಒಬ್ಬರಿಗೆ ಹಬ್ಬ, ಒಬ್ಬರಿಗೆ ಚಿಂತೆ. ಸಂಸಾರವೆಂದರೆ ಎರಡನ್ನೂ ಒಂದೇ ಸೆರಗಿನಲ್ಲಿ ಕಟ್ಟಿಕೊಳ್ಳುವುದು ತಾನೆ?

ಮಗಳು ಹತ್ತನೇತ್ತಕ್ಕೆ ಬರುತ್ತಾಳೆ. ಆಗ ಮತ್ತೆ ಮನೆಯಲ್ಲಿ ಮಾತು ಬರುತ್ತದೆ. ಈ ಸಲ ಮೊದಲು ಹೂಂ ಅನ್ನುವವಳು ನಾನಾಗಿರುವುದಿಲ್ಲ. ಅವಳು ದೇಶಕ್ಕೆ ಆಡುತ್ತಾಳೆಂಬ ಭ್ರಮೆ ನನಗಿಲ್ಲ. ಆದರೆ ಎಲ್ಲೋ ಒಂದು ಊರಿನಲ್ಲಿ, ಯಾವುದೋ ತಾಯಿ ಬೇಡ ಎನ್ನದೆ ಇದ್ದದ್ದರಿಂದಲೇ ಚಿಯಾಂಗ್ ಮಾಯ್‌ನ ಆ ಎರಡು ಗೋಲು ಬಂದವು ಎಂಬುದಷ್ಟು ನನಗೆ ತಿಳಿಯಿತು.

ನಿಮ್ಮಲ್ಲಿ ನನ್ನ ಬೇಡಿಕೆ ಬಹಳ ಸಣ್ಣದು. ಸಂಡಿಗೆ ಒಣಹಾಕಿದಾಗ ಚೆಂಡು ಬಂದು ಬಿದ್ದರೆ ಬೈಯಿರಿ, ಖಂಡಿತ ಬೈಯಿರಿ, ಕಷ್ಟಪಟ್ಟು ಇಟ್ಟ ಸಂಡಿಗೆ ಅದು! ಆದರೆ ಬೈದ ಮೇಲೆ ಚೆಂಡನ್ನು ತಿರುಗಿ ಎಸೆಯಿರಿ. ಹಂಡೆಯೊಳಗೆ ಇಡಬೇಡಿ. ಗೇಟಿನ ಹತ್ತಿರ ನಿಂತವರಲ್ಲಿ ಹುಡುಗಿಯೂ ಒಬ್ಬಳು ಇದ್ದಾಳೆಯೇ ಎಂದು ಒಮ್ಮೆ ನೋಡಿ. ಇಲ್ಲದಿದ್ದರೆ, ನಿಮ್ಮ ಹಿತ್ತಲ ಬಾಗಿಲನ್ನು ಒಂದು ದಿನ ನಸುಕಿನಲ್ಲಿ ತೆಗೆದು ನೋಡಿ.